ಕೆನ್ನೆ ಕೆಂಪಾದರೆ ಹುಡುಗಿಯನ್ನೇ ಬದಲಾಯಿಸುವವರಿಗೆ

ಸೀರೆ ಅಂಗಡಿಗಳ ಮಾಲೀಕರಿಗೆ, ಫೋಟೋಗ್ರಾಫರ್ ಅಣ್ಣಂದಿರಿಗೆ, ಮೇಕಪ್ ಮಾಡುವ ಅಕ್ಕಂದಿರಿಗೆ, ಮಾಡೆಲ್‌ಗಳನ್ನು ಒದಗಿಸುವ ಏಜೆಂಟರಿಗೆ,

ನಾನು ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನ ಕಡೆಯವಳು.

ನಾನು ಸೀರೆ ಉಟ್ಟು ಕ್ಯಾಮೆರಾ ಮುಂದೆ ನಿಲ್ಲುವವಳು. ಬೆಂಗಳೂರಿನ ರ‍್ಯಾಂಪ್ ಮೇಲೆ ನಡೆಯುವವರ ಸಾಲಿನವಳಲ್ಲ. ಯುಗಾದಿ, ವರಮಹಾಲಕ್ಷ್ಮಿ, ದೀಪಾವಳಿ ಹತ್ತಿರ ಬಂದಾಗ ಅಂಗಡಿ ಮುಂದೆ ಏಳುವ ಫ್ಲೆಕ್ಸ್‌ಗಳಲ್ಲಿ, ಗಿರಾಕಿಗಳ ಮೊಬೈಲಿಗೆ ಹೋಗುವ ಕ್ಯಾಟಲಾಗ್‌ಗಳಲ್ಲಿ, ಮದುವೆ ಸೀಸನ್ನಿನ ರೀಲ್ಸ್‌ಗಳಲ್ಲಿ ಕಾಣುವ ಮುಖ ನನ್ನಂಥವರದು. ಚಳ್ಳಕೆರೆ, ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ, ಯಾವ ಊರಿನ ಜವಳಿ ಅಂಗಡಿಗೂ ಇವತ್ತು ಇಂಥ ನಾಲ್ಕು ಜನ ಹುಡುಗಿಯರು ಬೇಕೇ ಬೇಕು. ದಿನದ ಲೆಕ್ಕದ ಕೆಲಸ. ಕರಾರುಪತ್ರ ಇಲ್ಲ, ಪಿಎಫ್ ಇಲ್ಲ, ಇಎಸ್ಐ ಇಲ್ಲ. ನಮ್ಮ ಬಂಡವಾಳ ನಮ್ಮ ಮುಖ.

ಆ ಮುಖ ಕೆಂಪೇರಿದ ದಿನ ಏನು ನಡೆಯುತ್ತದೆ ಅನ್ನುವುದು ನಿಮಗೂ ಗೊತ್ತು, ನಮಗೂ ಗೊತ್ತು. ಕ್ಯಾಮೆರಾದ ಹಿಂದಿನ ಸಣ್ಣ ಪರದೆ ಮೇಲೆ ನಾಲ್ಕು ತಲೆ ಬಾಗುತ್ತವೆ. ಫೋಟೋ ದೊಡ್ಡದು ಮಾಡಿ ಕೆನ್ನೆ ನೋಡುತ್ತಾರೆ. ಆಮೇಲೆ ಯಾರೋ ಒಬ್ಬರು ಮೆಲ್ಲಗೆ, ನಮ್ಮ ಕಿವಿಗೆ ಬೀಳುವಷ್ಟೇ ಮೆಲ್ಲಗೆ, "ಈಕೆ ಬೇಡ ಬಿಡ್ರಿ, ಬೇರೆಯವರನ್ನ ಕರೆಸೋಣ" ಅನ್ನುತ್ತಾರೆ. ಅವತ್ತಿನ ದುಡ್ಡು ಹೋಯಿತು. ಮುಂದಿನ ಕರೆಯೂ ಹೋಯಿತು, ಯಾಕೆಂದರೆ "ಅವಳ ಸ್ಕಿನ್ ಸರಿ ಇಲ್ಲ" ಅನ್ನುವ ಮಾತು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗಲು ಹೊತ್ತು ಬೇಕಿಲ್ಲ.

ನನ್ನ ಮಾತು ಇಷ್ಟೇ. ಆ ಕೆಂಪನ್ನು ನಾವು ಮನೆಯಿಂದ ಕಟ್ಟಿಕೊಂಡು ಬರುವುದು ಕಡಿಮೆ. ಬಹಳ ಸಲ ಅದು ಶೂಟ್ ನಡೆಯುವ ಜಾಗದಲ್ಲೇ ಹುಟ್ಟುತ್ತದೆ: ಅಲ್ಲಿನ ಹೊತ್ತಿನಿಂದ, ಅಲ್ಲಿನ ಬ್ರಷ್‌ನಿಂದ, ಅಲ್ಲಿನ ಡಬ್ಬಿಯಿಂದ. ಗಿರಣಿಯಲ್ಲಿ ಯಂತ್ರಕ್ಕೆ ಕೈ ಸಿಕ್ಕಿದರೆ ಅದು ಕೂಲಿಯವನ ಕೈಯ ದೋಷ ಅಂತ ಯಾರೂ ಈಗ ಹೇಳುವುದಿಲ್ಲ. ಮುಖದ ಮೇಲೆ ದುಡಿಯುವವರ ಮುಖಕ್ಕೂ ಅದೇ ನ್ಯಾಯ ಸಿಗಬೇಕು.

ಮೊದಲು ಈ ಕೆಂಪನ್ನು ಗುರುತಿಸುವುದು ಹೇಗೆ ಅಂತ ಹೇಳಬೇಕು. ನಮ್ಮ ಕಡೆಯ ಗೋಧಿ ಬಣ್ಣದ, ಎಣ್ಣೆಗಪ್ಪು ಬಣ್ಣದ ಮೈಯಲ್ಲಿ ಕೆಂಪು ಕೆಂಪಾಗಿ ಕಾಣುವುದು ಅಪರೂಪ. ಕೆನ್ನೆಯ ಮೇಲೆ ತಾಮ್ರದ ಛಾಯೆ ಬರುತ್ತದೆ. ಕೆಲವರಿಗೆ ನೇರಳೆ ಕಪ್ಪು, ಕೆಲವರಿಗೆ ಬರೀ ಕಂದು. ನೋಡುವವರ ಕಣ್ಣಿಗಿಂತ ಮೊದಲು ಅದು ಅನುಭವಿಸುವವಳಿಗೆ ಗೊತ್ತಾಗುತ್ತದೆ: ಮುಖ ಕಾಯುತ್ತದೆ, ಚುರುಚುರು ಅನ್ನುತ್ತದೆ, ಚರ್ಮ ಬಿಗಿಯುತ್ತದೆ, ತಣ್ಣೀರು ತಾಗಿದರೂ ಉರಿಯುತ್ತದೆ. "ಉರೀತಿದೆ ಅಣ್ಣ" ಅಂದರೆ "ಏನೂ ಕಾಣ್ತಿಲ್ವಲ್ಲಮ್ಮ" ಅನ್ನುತ್ತೀರಿ. ಆ ಮಾತಿನಲ್ಲಿ ಕೆಟ್ಟತನ ಇಲ್ಲ ಅಂತ ನನಗೆ ಗೊತ್ತು. ಮುಖ ಪದೇ ಪದೇ ಕೆಂಪೇರುವ ರೋಸೇಶಿಯಾ ಅನ್ನುವ ಕಾಯಿಲೆಯನ್ನು ಬಿಳಿ ಚರ್ಮದವರ ಕಾಯಿಲೆ ಅಂತಲೇ ವೈದ್ಯ ಲೋಕ ಬಹಳ ಕಾಲ ನಂಬಿತ್ತು. ಪಾಠದ ಪುಸ್ತಕದ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಮುಖಗಳವೇ. ಅದರಿಂದಾಗಿ ಕಂದು ಚರ್ಮದವರಲ್ಲಿ ಅದನ್ನು ಪತ್ತೆ ಮಾಡುವುದು ಇವತ್ತಿಗೂ ತಡವಾಗುತ್ತದೆ. ಡಾಕ್ಟರ ಕಣ್ಣೇ ತಪ್ಪುವಾಗ ಫೋಟೋಗ್ರಾಫರ ಕಣ್ಣು ತಪ್ಪುವುದು ಸಹಜ. ಅದಕ್ಕೇ ಕೇಳುವುದು: ಕಾಣದಿದ್ದರೂ ಹೇಳಿದ್ದನ್ನು ನಂಬಿ.

ಚರ್ಮದ ಮೇಲ್ಪದರ ನಮ್ಮ ಊರಿನ ಮಾಳಿಗೆ ಮನೆಯಂಥದು. ಮೇಲೆ ಹಾಕಿದ ಚೌಳು ಮಣ್ಣು ಗಟ್ಟಿ ಇರುವವರೆಗೆ ಮಳೆ ಬಂದರೂ ಒಳಗಿನವರಿಗೆ ಭಯ ಇಲ್ಲ. ಮಣ್ಣು ಸವೆದು ಬಿರುಕು ಬಿಟ್ಟರೆ ನಾಲ್ಕು ಹನಿಗೂ ಸೋರುತ್ತದೆ. ಮೇಲ್ಪದರದ ಜೀವಕೋಶಗಳ ನಡುವೆ ಇರುವ ಜಿಡ್ಡು ಆ ಮಣ್ಣಿನ ಕೆಲಸ ಮಾಡುತ್ತದೆ. ದಿನಕ್ಕೆ ನಾಲ್ಕು ಸಲ ಮೇಕಪ್ ಬಳಿದು, ಒರೆಸಿ, ಸ್ಪಿರಿಟ್ ಇರುವ ಸ್ಪ್ರೇ ಹೊಡೆದು, ಮತ್ತೆ ಒರೆಸಿದರೆ ಆ ಜಿಡ್ಡು ಹೋಗುತ್ತದೆ. ಆಮೇಲೆ ನಿನ್ನೆಯವರೆಗೆ ಏನೂ ಮಾಡದಿದ್ದ ಕ್ರೀಮೇ ಇವತ್ತು ಉರಿಸುತ್ತದೆ. "ಸೆನ್ಸಿಟಿವ್ ಸ್ಕಿನ್ ಇಟ್ಕೊಂಡು ಈ ಫೀಲ್ಡಿಗೆ ಯಾಕೆ ಬಂದ್ರಿ" ಅಂತ ಕೇಳುತ್ತೀರಲ್ಲ, ಎಷ್ಟೋ ಜನರಿಗೆ ಸೆನ್ಸಿಟಿವ್ ಸ್ಕಿನ್ ಬಂದಿದ್ದೇ ಈ ಫೀಲ್ಡಿಗೆ ಬಂದ ಮೇಲೆ.

ಇನ್ನು ನಮ್ಮ ಬಯಲಿನ ವಿಚಾರ. ಅಮೃತಮಹಲ್ ದನಗಳ ಮೇವಿಗೆಂದು ಮೈಸೂರು ಅರಸರ ಕಾಲದಿಂದ ಬಿಟ್ಟ ಕಾವಲುಗಳು ನಮ್ಮವು. ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಚಳ್ಳಕೆರೆಯೂ ಒಂದು. ಈಚೆಗೆ ಈ ಬಯಲಿನ ದೊಡ್ಡ ಪಾಲಿಗೆ ಕಾಂಪೌಂಡ್ ಬಿದ್ದಿದೆ. ವರವು ಕಾವಲಿನಲ್ಲಿ ಡಿಆರ್‌ಡಿಒದವರ ವಿಮಾನ ಪರೀಕ್ಷಾ ಕೇಂದ್ರ 2017ರಲ್ಲಿ ಶುರುವಾಯಿತು, ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಹೋಯಿತು, ನಮ್ಮ ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ. ದನ ಕುರಿಗಳಿಗೆ ಇದ್ದ ಜಾಗ ಹೋದ ಕಥೆ ಬೇರೆಯೇ ಇದೆ, ಅದಕ್ಕೆ ಬೇರೆಯೇ ಪತ್ರ ಬೇಕು. ಉಳಿದ ತೆರವಿನಲ್ಲಿ ಈಗ ಕ್ಯಾಮೆರಾಗಳು ಬರುತ್ತವೆ. ತಂತಿ ಇಲ್ಲ, ಕಟ್ಟಡ ಇಲ್ಲ, ಕಣ್ಣು ಹಾಯುವವರೆಗೂ ಹುಲ್ಲು ಮತ್ತು ಆಕಾಶ. ರೇಷ್ಮೆ ಸೀರೆಯ ಸೆರಗು ಹಾರಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನುತ್ತೀರಿ. ನಿಜ. ಆದರೆ ನೆರಳೂ ಇಲ್ಲ.

ಇಲ್ಲಿ ಬದುಕುವವರು ಮಟಮಟ ಮಧ್ಯಾಹ್ನವನ್ನು ಹೇಗೆ ಕಳೆಯುತ್ತಾರೆ ಅಂತ ಒಮ್ಮೆ ನೋಡಿ. ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಬೆಳಗಿನ ತಂಪಿನಲ್ಲಿ ದನ ಹೊಡೆಯುತ್ತಾರೆ, ಹೊತ್ತು ನೆತ್ತಿಗೆ ಬಂದಾಗ ಇರುವ ಒಂದು ಜಾಲಿಯ ಕೆಳಗೆ ತರುಬುತ್ತಾರೆ. ಕುರಿ ಕಾಯುವವರು ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಾರೆ. ನೂರಾರು ವರ್ಷ ಈ ಬಿಸಿಲಿನ ಜೊತೆ ಬಾಳಿದವರು ಕಂಡುಕೊಂಡ ರೀತಿ ಇದು. ನೀವು ಬೆಳಿಗ್ಗೆ ಊರು ಬಿಟ್ಟು, ತಿಂಡಿ ತಿಂದು, ಲೈಟು ಇಳಿಸಿ, ಮೇಕಪ್ ಮುಗಿಸಿ ಮೊದಲ ಶಾಟ್ ತೆಗೆಯುವಾಗ ಹನ್ನೊಂದು ಗಂಟೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರು, ನಾಲ್ಕರವರೆಗೆ ನೇರಳಾತೀತ ಕಿರಣ ಅತಿ ಜೋರು. ಸರಿಯಾಗಿ ಆ ಹೊತ್ತನ್ನೇ ಆರಿಸಿಕೊಂಡಂತೆ ನಮ್ಮನ್ನು ಬಯಲಿಗೆ ನಿಲ್ಲಿಸುತ್ತೀರಿ. ಅದರ ಮೇಲೆ ಬಿಸಿಲನ್ನು ಮುಖಕ್ಕೇ ತಿರುಗಿಸಲು ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಹಿಡಿಯುತ್ತೀರಿ.

ಮೊಳಕಾಲ್ಮುರು ರೇಷ್ಮೆ ಸೀರೆಯ ಒಂದು ಶೂಟ್ ಬಗ್ಗೆ ಹೇಳಬೇಕು. ಆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನಮ್ಮ ಪಕ್ಕದ ತಾಲ್ಲೂಕಿನ ನೇಕಾರರ ಕೈಯ ಸೀರೆ ಉಡುವುದು ನನಗೆ ಯಾವತ್ತಿಗೂ ಹೆಮ್ಮೆಯೇ. ಅಂಗಡಿಯವರು ಸೀರೆಗಳನ್ನು ಬಿಳಿ ಮಲ್ಲು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಬಿಸಿಲಿಗೆ ಬಣ್ಣ ಮಾಸುತ್ತದೆ, ಜರಿ ಕಪ್ಪಾಗುತ್ತದೆ ಅಂತ ಪೆಟ್ಟಿಗೆಗೆ ಒಬ್ಬ ಹುಡುಗ ಕೊಡೆ ಹಿಡಿದು ನಿಂತಿದ್ದ. ಒಂದು ಶಾಟ್‌ಗೂ ಇನ್ನೊಂದಕ್ಕೂ ನಡುವೆ ಸೆರಗಿನ ಮೇಲೆ ಇನ್ನೊಂದು ಬಟ್ಟೆ ಹೊದಿಸುತ್ತಿದ್ದರು. ಕೊಡೆಯ ಅಂಚಿನಿಂದ ನಾಲ್ಕು ಮಾರು ದೂರದಲ್ಲಿ ನಾನು ಬರೀ ಬಿಸಿಲಿಗೆ ನಿಂತಿದ್ದೆ. ಹಣೆಯಿಂದ ಇಳಿದ ಬೆವರು ಕೆನ್ನೆ ತಾಗಿದ ಕಡೆಯೆಲ್ಲ ಉರಿ. "ಅಣ್ಣ, ಸ್ವಲ್ಪ ಆ ಕೊಡೆ" ಅಂದರೆ "ಇನ್ನೊಂದೇ ಶಾಟ್ ಕಣಮ್ಮ, ಬಿಸ್ಲು ಚೆನ್ನಾಗೈತೆ" ಅಂದರು. ಸೀರೆಗೆ ಕೊಡೆ ಹಿಡಿದದ್ದು ಸರಿ. ಅದನ್ನು ನೇಯ್ದವರ ದುಡಿಮೆ ದೊಡ್ಡದು. ಇನ್ನೊಂದು ಕೊಡೆ ತರಲು ಎಷ್ಟು ಖರ್ಚಾಗುತ್ತಿತ್ತು?

ಕಾಯ್ದ ಮುಖದಲ್ಲಿ ರಕ್ತನಾಳಗಳು ಹಿಗ್ಗುತ್ತವೆ. ಇದು ಎಲ್ಲರಿಗೂ ಆಗುವುದು, ನೆರಳಿಗೆ ಬಂದರೆ ಇಳಿಯುತ್ತದೆ. ರೋಸೇಶಿಯಾ ಇರುವವರಿಗೆ ಇಳಿಯುವುದು ನಿಧಾನ, ಪದೇ ಪದೇ ಆದರೆ ಇಳಿಯುವುದೇ ಇಲ್ಲ, ಮೂಗಿನ ಪಕ್ಕ, ಕೆನ್ನೆ ಮೇಲೆ ಸಣ್ಣ ನಾಳಗಳು ಗೆರೆ ಗೆರೆಯಾಗಿ ನಿಂತುಬಿಡುತ್ತವೆ. ಬಿಸಿಲು, ಸೆಕೆ, ಬಿಸಿ ಗಾಳಿ, ಸುಡುಸುಡು ಟೀ, ಖಾರ, ಮನಸ್ಸಿನ ಒತ್ತಡ ಇವೆಲ್ಲ ಅದನ್ನು ಕೆರಳಿಸುತ್ತವೆ. ಶೂಟ್‌ನ ಒಂದು ದಿನದಲ್ಲಿ ಇವಿಷ್ಟೂ ಒಟ್ಟಿಗೆ ಸಿಗುತ್ತವೆ. ಮಧ್ಯಾಹ್ನಕ್ಕೆ ತರಿಸುವ ಖಾರದ ಮಂಡಕ್ಕಿ ಮಿರ್ಚಿಯೂ ಸೇರಿ.

ಈಗ ಹೂವಿನ ವಿಚಾರ. ಇದನ್ನು ಫೋಟೋಗ್ರಾಫರ್ ಅಣ್ಣಂದಿರು ಗಮನ ಇಟ್ಟು ಓದಬೇಕು. ಮಳೆ ಬಿದ್ದ ಮೇಲೆ ರಸ್ತೆ ಬದಿಯಲ್ಲಿ, ಬೀಳು ಹೊಲಗಳಲ್ಲಿ ಮಂಡಿಯೆತ್ತರ ಬೆಳೆದು ಸಣ್ಣ ಸಣ್ಣ ಬಿಳಿ ಹೂ ಬಿಡುವ ಗಿಡ ಇದೆಯಲ್ಲ, ಕೆಂಪು ಸೀರೆಗೆ ಒಳ್ಳೆಯ ಬ್ಯಾಕ್‌ಗ್ರೌಂಡ್ ಅಂತ ಅದರ ನಡುವೆ ನಮ್ಮನ್ನು ಕೂರಿಸುತ್ತೀರಿ. ಅದು ಕಾಂಗ್ರೆಸ್ ಗಿಡ, ಪಾರ್ಥೇನಿಯಂ. ಹೊರದೇಶದ ಕಳೆ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ಇದನ್ನು ತಿನ್ನಿಸಲೆಂದು ಮೆಕ್ಸಿಕೋದ ದುಂಬಿಯೊಂದನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ತನ್ನ ಕೆಲಸ ಮಾಡಿತು, ಗಿಡ ಮಾತ್ರ ಹೋಗಲಿಲ್ಲ. ಅದರ ಎಲೆ, ಕಾಂಡ, ಹೂಗಳ ಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೇನಿನ್ ಅನ್ನುವ ವಸ್ತು ಇದೆ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ಮೈಗೆ ತಾಗಿದರೂ ಸಾಕು, ಒಗ್ಗದವರಿಗೆ ಕಣ್ಣರೆಪ್ಪೆ ಊದುತ್ತದೆ, ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ಕೆಂಪೆದ್ದು ತುರಿಸಿ ಚರ್ಮ ದಪ್ಪಗಾಗುತ್ತದೆ. ಹೊಲದಲ್ಲಿ ಕಳೆ ಕೀಳುವ ನಮ್ಮ ರೈತರು ಇದನ್ನು ವರ್ಷಗಟ್ಟಲೆ ಅನುಭವಿಸುತ್ತಿದ್ದಾರೆ. ಈ ಅಲರ್ಜಿ ಒಮ್ಮೆ ಅಂಟಿತೆಂದರೆ ಸುಲಭಕ್ಕೆ ಬಿಡುವುದಿಲ್ಲ.

ಇದಕ್ಕೆ ಸೇರಿದ ಇನ್ನೊಂದು ಮಾತು. ಪಾರ್ಥೇನಿಯಂ ಒಗ್ಗದವರಲ್ಲಿ ಕೆಲವರಿಗೆ ಅದರ ಕುಲದ ಬೇರೆ ಹೂಗಳೂ ಒಗ್ಗುವುದಿಲ್ಲ. ಸೇವಂತಿಗೆ, ಚೆಂಡು ಹೂ ಅದೇ ಕುಲದವು. ಮದುವಣಗಿತ್ತಿಯ ಅಲಂಕಾರದಲ್ಲಿ ಜಡೆ ತುಂಬ ಸೇವಂತಿಗೆ ಮುಡಿಸಿದ ಮೇಲೆ ಕಿವಿ ಹಿಂದೆ, ಕತ್ತಿನ ಮೇಲೆ ಕೆಂಪು ಎದ್ದರೆ ಅದನ್ನು ಹುಡುಗಿಯ ಕೊಳಕು ಅಂತ ನೋಡಬೇಡಿ. ಮಲ್ಲಿಗೆ ಮುಡಿಸಿ.

ಮೇಕಪ್ ಪೆಟ್ಟಿಗೆಯ ಹತ್ತಿರ ಬರುತ್ತೇನೆ. ಅಕ್ಕಂದಿರೇ, ನಿಮ್ಮ ಕಷ್ಟ ನನಗೆ ಗೊತ್ತು. ಅರ್ಧ ಗಂಟೆಯಲ್ಲಿ ಮೂರು ಮುಖ ಮುಗಿಸಬೇಕು, ಸಾಮಾನು ನಿಮ್ಮದೇ ದುಡ್ಡಿನದು, ಮಾಲೀಕರು ಅದಕ್ಕೆ ಬೇರೆ ದುಡ್ಡು ಕೊಡುವುದಿಲ್ಲ. ಆದರೂ ಒಂದೇ ಸ್ಪಂಜು ಎಲ್ಲರ ಮುಖದ ಮೇಲೂ ಓಡುವುದನ್ನು ನೋಡಿದಾಗ ನನ್ನ ಹೊಟ್ಟೆ ತೊಳಸುತ್ತದೆ. ಒದ್ದೆ ಸ್ಪಂಜಿನಲ್ಲಿ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಒಬ್ಬಳ ಮೊಡವೆಯ ಕೀವು ಇನ್ನೊಬ್ಬಳ ಕೆನ್ನೆಗೆ ಹೋಗುತ್ತದೆ. ಪ್ರತಿಯೊಬ್ಬಳಿಗೂ ಬೇರೆ ಸ್ಪಂಜು ಇಟ್ಟು, ಅದರ ದುಡ್ಡನ್ನು ಅಂಗಡಿಯವರ ಬಿಲ್ಲಿಗೆ ಹಾಕಿ. ಕೆಂಪನ್ನು ಮುಚ್ಚಲು ದಪ್ಪ ಫೌಂಡೇಶನ್ ಪದರದ ಮೇಲೆ ಪದರ ಬಳಿಯುವುದಕ್ಕಿಂತ ಅದರ ಕೆಳಗೆ ತೆಳ್ಳಗೆ ಹಸಿರು ಕರೆಕ್ಟರ್ ಹಚ್ಚಿದರೆ ಕ್ಯಾಮೆರಾಗೆ ಕೆಂಪು ಕಾಣುವುದಿಲ್ಲ, ಹಸಿರು ಕೆಂಪನ್ನು ತಗ್ಗಿಸುತ್ತದೆ. ಕೊನೆಗೆ ತೆಗೆಯುವಾಗ ಗಸಗಸ ಉಜ್ಜಬೇಡಿ. ಸುಗಂಧ ಹಾಕಿದ ವೈಪ್ಸ್ ಕೆಂಪೆದ್ದ ಮುಖಕ್ಕೆ ಕೆಟ್ಟದ್ದು.

ಒಡವೆಗಳ ಬಗ್ಗೆ ಯಾರೂ ಯೋಚಿಸುವುದೇ ಇಲ್ಲ. ಶೂಟ್‌ಗೆ ತರುವ ಬೈತಲೆಬೊಟ್ಟು, ಜುಮುಕಿ, ಕುತ್ತಿಗೆ ಪಟ್ಟಿ ಎಲ್ಲ ಚಿನ್ನದ ನೀರು ಬಿಟ್ಟದ್ದು, ಒಳಗಿನ ಲೋಹದಲ್ಲಿ ಬಹಳ ಸಲ ನಿಕಲ್ ಇರುತ್ತದೆ. ಲೋಹಗಳಲ್ಲಿ ಅತಿ ಹೆಚ್ಚು ಜನರಿಗೆ ಒಗ್ಗದೇ ಇರುವುದು ನಿಕಲ್. ಬೆವರಿದಾಗ ಅದು ಕರಗಿ ಚರ್ಮಕ್ಕೆ ಇಳಿಯುತ್ತದೆ. ಹಣೆಯ ನಡುವೆ ಸರಿಯಾಗಿ ಬೈತಲೆಬೊಟ್ಟಿನ ಆಕಾರದಲ್ಲೇ ಕೆಂಪು ಎದ್ದ ಹುಡುಗಿಯನ್ನು ನೋಡಿದ್ದೇನೆ. ಅಂಟಿಸುವ ಬಿಂದಿಯ ಅಂಟಿನಲ್ಲಿ ಇರುವ ಒಂದು ರಾಸಾಯನಿಕ ಕೆಲವರಿಗೆ ಬಿಂದಿ ಇಟ್ಟ ಜಾಗದಲ್ಲಿ ಬಿಳಿ ಮಚ್ಚೆ ಉಳಿಸುತ್ತದೆ. ಬಣ್ಣ ಬೆರೆಸಿದ ಕಳಪೆ ಕುಂಕುಮವೂ ಹಣೆ ಸುಡುತ್ತದೆ.

ಇಲ್ಲಿವರೆಗೆ ಹೇಳಿದ್ದು ಸರಿಮಾಡಿಕೊಳ್ಳಬಹುದಾದ ಮಾತು. ಇನ್ನು ಹೇಳುವುದು ನನ್ನನ್ನು ರಾತ್ರಿ ನಿದ್ದೆ ಮಾಡಗೊಡದ ಮಾತು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗಿ ಇದ್ದಳು. ನಗುಮುಖದ ಹುಡುಗಿ. ಶೂಟ್‌ಗೆ ಒಂದು ವಾರ ಮುಂಚೆಯಿಂದ ಹಚ್ಚಿಕೋ ಅಂತ ಅವಳ ಕೈಗೆ ಯಾರೋ ಒಂದು ಟ್ಯೂಬ್ ಕೊಟ್ಟರು. ಮೂರು, ನಾಲ್ಕು ದಿನಕ್ಕೇ ಮುಖ ತಿಳಿಯಾಯಿತು, ಮೊಡವೆ ಇಂಗಿತು, ಎಲ್ಲರೂ ಹೊಗಳಿದರು. ಅವಳು ಬಿಡಲಿಲ್ಲ. ತಿಂಗಳುಗಳು ಕಳೆದವು. ಒಂದು ದಿನ ಹಚ್ಚದಿದ್ದರೆ ಮುಖ ಉರಿದು ಕೆಂಪಾಗುತ್ತಿತ್ತು, ಹಚ್ಚಿದರೆ ಇಳಿಯುತ್ತಿತ್ತು. ಆಮೇಲೆ ಹಚ್ಚಿದರೂ ಇಳಿಯಲಿಲ್ಲ. ಚರ್ಮ ತೆಳುವಾಗಿ ಕೆಳಗಿನ ನಾಳಗಳು ಕಾಣತೊಡಗಿದವು, ಗಲ್ಲದ ಮೇಲೆ ಕೂದಲು ಬಂತು, ಒಲೆ ಮುಂದೆ ನಿಲ್ಲಲಾಗುತ್ತಿರಲಿಲ್ಲ. ಟ್ಯೂಬ್ ಕೊಟ್ಟವರೇ ಅವಳನ್ನು ಕರೆಯುವುದನ್ನು ಬಿಟ್ಟರು.

ಆ ಟ್ಯೂಬಿನಲ್ಲಿ ಇದ್ದದ್ದು ಸ್ಟೀರಾಯ್ಡ್. ಸ್ಟೀರಾಯ್ಡ್ ವಿಷ ಅಲ್ಲ. ಎಕ್ಸಿಮಾದಂಥ ಕಾಯಿಲೆಗೆ ಡಾಕ್ಟರು ಅಳೆದು, ದಿನ ಎಣಿಸಿ ಕೊಡುವ ಒಳ್ಳೆಯ ಔಷಧ ಅದು. ಹಚ್ಚಿದ ಕೂಡಲೇ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಅದಕ್ಕೇ ಮುಖ ಬೆಳ್ಳಗೆ ಕಾಣುತ್ತದೆ. ಬಿಟ್ಟ ಕೂಡಲೇ ನಾಳಗಳು ಮೊದಲಿಗಿಂತ ಹೆಚ್ಚು ಹಿಗ್ಗುತ್ತವೆ. ಮುಖದ ತೆಳು ಚರ್ಮಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಆಗುವ ಹಾನಿಗೆ ಚರ್ಮವೈದ್ಯರು ಬೇರೆ ಹೆಸರನ್ನೇ ಇಟ್ಟಿದ್ದಾರೆ: ಸ್ಟೀರಾಯ್ಡ್‌ನಿಂದ ಹಾಳಾದ ಮುಖ. ದೇಶದ 12 ಚರ್ಮರೋಗ ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಖದ ತೊಂದರೆ ಎಂದು ಬಂದ 2,926 ಜನರನ್ನು ನೋಡಿದರು. ಅವರಲ್ಲಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಜನರಿಗೆ ಅದನ್ನು ಹೇಳಿಕೊಟ್ಟವರು ಡಾಕ್ಟರೇ ಅಲ್ಲ. 126 ಜನ ಅದನ್ನು ಬೆಳ್ಳಗಾಗುವ ಕ್ರೀಮು, ಶೇವಿಂಗ್ ನಂತರದ ಕ್ರೀಮು ಅಂತ ಬಳಸುತ್ತಿದ್ದರು. ಇಂಥ 14 ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ತಂದಿತು. ನಿಯಮ ಕಾಗದದಲ್ಲಿದೆ. ಹಳ್ಳಿಯ ಮೆಡಿಕಲ್ ಶಾಪಿನ ಗಾಜಿನ ಪೆಟ್ಟಿಗೆಯಲ್ಲಿ ಟ್ಯೂಬೂ ಇದೆ.

ಹೆಸರಿಲ್ಲದ ಡಬ್ಬಿಗಳು ಇನ್ನೂ ಅಪಾಯ. ಬೆಳ್ಳಗಾಗುವ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಹಚ್ಚಿಕೊಂಡವರ ಮೂತ್ರಪಿಂಡ ಕೆಟ್ಟದ್ದನ್ನು ಅಲ್ಲಿನ ಡಾಕ್ಟರುಗಳು 2023ರಲ್ಲಿ ಪತ್ತೆ ಮಾಡಿದರು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡದವರೆಗೆ ಹೋಗುತ್ತದೆ.

ಈ ಟ್ಯೂಬುಗಳ ಹಿಂದೆ ಬಿಳುಪಿನ ಆಸೆ ಇದೆ, ಅದನ್ನು ನೀವೊಬ್ಬರೇ ಹುಟ್ಟಿಸಿದ್ದಲ್ಲ. ಫೇರ್ ಅಂಡ್ ಲವ್ಲಿ 1975ರಲ್ಲಿ ಬಂದು 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾದರೂ ನಮ್ಮ ಫೋಟೋ ಎಡಿಟ್ ಮಾಡುವಾಗ ಬಣ್ಣ ಏರಿಸುವ ಕೈ ಬದಲಾಗಿಲ್ಲ. ಎಣ್ಣೆಗಪ್ಪು ಹುಡುಗಿಯನ್ನು ನಿಲ್ಲಿಸಿ, ಫ್ಲೆಕ್ಸ್‌ನಲ್ಲಿ ಬೇರೆಯವಳನ್ನು ತೋರಿಸುತ್ತೀರಿ. ಆ ಫ್ಲೆಕ್ಸ್ ನೋಡಿದ ಪಿಯುಸಿ ಹುಡುಗಿ ನೇರ ಮೆಡಿಕಲ್ ಶಾಪಿಗೆ ಹೋಗುತ್ತಾಳೆ. ಸೀರೆಯ ಬಣ್ಣ ಫೋಟೋದಲ್ಲಿ ಒಂಚೂರು ಬೇರೆ ಬಂದರೆ ಗಿರಾಕಿಗೆ ಮೋಸ ಆಗುತ್ತದೆ ಅಂತ ಮತ್ತೆ ಮತ್ತೆ ಸರಿಮಾಡುವ ನೀವು ಉಟ್ಟವಳ ಬಣ್ಣವನ್ನೂ ಹಾಗೇ ಕಾಪಾಡಿ.

ನನ್ನ ಜೊತೆಯ ಹುಡುಗಿಯರಿಗೂ ಇಲ್ಲೇ ನಾಲ್ಕು ಮಾತು. ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್, ಫ್ಲೂಸಿನೊಲೋನ್, ಡೆಕ್ಸಾಮೆಥಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್, ಡಾಕ್ಟರು ಹೇಳದೆ ಮುಖಕ್ಕೆ ಬೇಡ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ನೀವೇ ಒಮ್ಮೆಲೇ ನಿಲ್ಲಿಸಬೇಡಿ, ಚರ್ಮದ ಡಾಕ್ಟರ ಹತ್ತಿರ ಆ ಟ್ಯೂಬನ್ನೇ ಹಿಡಿದುಕೊಂಡು ಹೋಗಿ. ಹೊಸದೇನನ್ನಾದರೂ ಮೊದಲು ಮುಂಗೈ ಒಳಭಾಗಕ್ಕೆ ಕೆಲವು ದಿನ ಹಚ್ಚಿ ನೋಡಿ. ಕೆಂಪೆದ್ದಾಗ ನಿಂಬೆ ಹುಳಿ, ಅಡುಗೆ ಸೋಡಾ ಬೇಡ. ನಿಂಬೆ ರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಉಳಿಯುತ್ತದೆ. ಸುಗಂಧ ಇಲ್ಲದ ಸಾದಾ ಮಾಯಿಶ್ಚರೈಸರ್, ಬಿಸಿ ಇಲ್ಲದ ನೀರು, ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಸಾಧಾರಣ ದಿನಕ್ಕೆ ಇಷ್ಟು ಸಾಕು. ನಮ್ಮ ಬಣ್ಣಕ್ಕೆ ಅದು ಬೂದಿ ಬಳಿದಂತೆ ಕಾಣುತ್ತದೆ ಅನ್ನುವುದಾದರೆ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಸಿಗುತ್ತದೆ, ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕಿನ ಹಾನಿಯನ್ನೂ ತಡೆಯುತ್ತದೆ. ಬಯಲಿನಲ್ಲಿ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಎಲ್ಲ ಕೆಂಪೂ ಕ್ರೀಮಿನದಲ್ಲ, ಬಿಸಿಲಿನದಲ್ಲ. ಎರಡೂ ಕೆನ್ನೆಗೆ ಮೂಗಿನ ಮೇಲಿಂದ ಹರಡಿದ ಕೆಂಪಿನ ಜೊತೆ ಕೀಲುನೋವು, ಜ್ವರ, ಸುಸ್ತು ಇದ್ದರೆ ಲೂಪಸ್ ಅನ್ನುವ ಕಾಯಿಲೆ ಇರಬಹುದು, ರಕ್ತ ಪರೀಕ್ಷೆ ಬೇಕು. ತಿಳಿಗೆಂಪು ಮಚ್ಚೆಯ ಮೇಲೆ ಮುಟ್ಟಿದ್ದು ಗೊತ್ತಾಗದಿದ್ದರೆ ಕುಷ್ಠದ ತಪಾಸಣೆ ಮಾಡಿಸಲೇಬೇಕು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಪೂರ್ತಿ ವಾಸಿಯಾಗುತ್ತದೆ, ಮುಚ್ಚಿಡುವ ಕಾರಣವೇ ಇಲ್ಲ. ರೋಸೇಶಿಯಾಗೂ ಒಳ್ಳೆಯ ಮದ್ದು ಇದೆ: ಮೆಟ್ರೊನಿಡಜೋಲ್, ಅಜೆಲಾಯಿಕ್ ಆಸಿಡ್, ಐವರ್‌ಮೆಕ್ಟಿನ್ ಮುಲಾಮುಗಳು, ಬೇಕಾದರೆ ಮಾತ್ರೆ. ಯಾವುದು ಯಾರಿಗೆ ಅನ್ನುವುದನ್ನು ಡಾಕ್ಟರೇ ಹೇಳಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಬೇಡಿ, ನನ್ನನ್ನೂ ಕೇಳಬೇಡಿ.

ಮಾಲೀಕರೇ, ಇಷ್ಟೆಲ್ಲ ಓದಿದ ಮೇಲೆ ನೀವು ಮಾಡಬೇಕಾದದ್ದು ದೊಡ್ಡದೇನೂ ಅಲ್ಲ. ಬಯಲಿನ ಶೂಟ್ ಇದ್ದರೆ ನಮ್ಮನ್ನು ನಸುಕಿನಲ್ಲಿ ಕರೆಯಿರಿ. ಬೆಳಗಿನ ಓರೆ ಬಿಸಿಲು ಜರಿಗೂ ಒಳ್ಳೆಯದು ಅಂತ ನಿಮ್ಮ ಫೋಟೋಗ್ರಾಫರೇ ಹೇಳುತ್ತಾರೆ, ಕೇಳಿ ನೋಡಿ. ಹತ್ತಕ್ಕೆ ನಿಲ್ಲಿಸಿ, ಬೇಕಾದರೆ ಸಂಜೆ ನಾಲ್ಕರ ಮೇಲೆ ಮತ್ತೆ ನಿಲ್ಲುತ್ತೇವೆ. ಜೊತೆಗೆ ಒಂದು ಕೊಡೆ, ಕುಡಿಯಲು ತಣ್ಣನೆ ನೀರು, ಮುಖ ತೊಳೆಯಲು ಬೇರೆ ನೀರು. ಜಾಗ ಆರಿಸುವವರು ಕಾಂಗ್ರೆಸ್ ಗಿಡ ಕಂಡ ಕಡೆ ಬೇಡ ಅನ್ನಲಿ. ನಮ್ಮ ಸ್ವಂತ ಸನ್‌ಸ್ಕ್ರೀನ್, ಸ್ವಂತ ಫೌಂಡೇಶನ್ ತಂದರೆ ಅದನ್ನೇ ಹಚ್ಚಲು ಬಿಡಿ, ಮುಖ ಸಿಂಡರಿಸಬೇಡಿ. ಚೀಟಿ ಹರಿದ ಡಬ್ಬಿಯಿಂದ ಏನನ್ನೂ ನಮ್ಮ ಮುಖಕ್ಕೆ ಹಾಕಬೇಡಿ.

ದುಡ್ಡಿನ ಮಾತನ್ನೂ ಬಾಯಿ ಬಿಟ್ಟೇ ಹೇಳುತ್ತೇನೆ. ಶೂಟ್‌ಗೆ ಬಂದ ಮೇಲೆ ಅಲ್ಲಿನ ಬಿಸಿಲಿಗೋ, ಅಲ್ಲಿನ ಸಾಮಾನಿಗೋ ಮುಖ ಕೆಂಪಾಗಿ ಕೆಲಸ ನಿಂತರೆ ಅವತ್ತಿನ ಪೂರ್ತಿ ದುಡ್ಡು ಕೊಡಬೇಕು, ಡಾಕ್ಟರ ಖರ್ಚೂ ಕೊಡಬೇಕು. ಒಂದು ವಾರ ಕಾದು ಅದೇ ಹುಡುಗಿಯನ್ನು ಮತ್ತೆ ಕರೆಯಬೇಕು. ಏಜೆಂಟರು ತಮ್ಮ ಕಮಿಷನ್ ಬರೆದುಕೊಳ್ಳುವ ಚೀಟಿಯಲ್ಲೇ ಇದನ್ನೂ ಒಂದು ಸಾಲು ಬರೆದು ಎರಡೂ ಕಡೆಯವರ ಸಹಿ ಹಾಕಿಸಲಿ.

ಈ ಪತ್ರ ಓದಿ ನನ್ನನ್ನು ಕರೆಯುವುದನ್ನು ನಿಲ್ಲಿಸುವವರು ಇರಬಹುದು. ಇರಲಿ. ಉಳಿದವರು ಮುಂದಿನ ಸಲ ಯಾವ ಹುಡುಗಿಗೆ ಫೋನ್ ಮಾಡಿದರೂ ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ, ಮುಖಕ್ಕೆ ಏನೇನು ಹಚ್ಚುತ್ತೀರಿ ಅನ್ನುವ ಮೂರನ್ನೂ ಮೊದಲೇ ಹೇಳಿ. ಅವಳು "ಇದು ನನಗೆ ಒಗ್ಗಲ್ಲ ಅಣ್ಣ" ಅಂದರೆ ಫೋನ್ ಇಡಬೇಡಿ, ಏನು ಒಗ್ಗುತ್ತದೆ ಅಂತ ಕೇಳಿ.

ಇಂತಿ,
ಉಳ್ಳಾರ್ತಿ ಕಾವಲಿನ ಕಡೆಯ ಒಬ್ಬ ಮಾಡೆಲ್